ಕೆಂಪೇರದ ಎಲೆ

ಬಹಳ ಹಿಂದೆ, ನಮ್ಮ ಮುತ್ತಾತನ ಮುತ್ತಾತನೂ ಹುಟ್ಟದಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ತಾಮ್ರಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಚಿನ್ನದ ಗಣಿ ಇರಲಿಲ್ಲ, ಮುತ್ತಿನ ಕಡಲು ಇರಲಿಲ್ಲ. ಇದ್ದದ್ದು ಚಹಾ. ಬೆಟ್ಟದ ಮೂಡಣ ಇಳಿಜಾರಿನ ತುಂಬ ಸೊಂಟದೆತ್ತರದ ಗಿಡಗಳು, ಗಿಡದ ತುದಿತುದಿಯಲ್ಲೂ ಎರಡು ಎಲೆ, ಒಂದು ಕುಡಿ. ಆ ಕುಡಿಯಿಂದ ಅಲ್ಲಿನ ಜನ ಕರಿಚಹಾ ಮಾಡುತ್ತಿದ್ದರು. ಕುದಿದ ನೀರಿಗೆ ಅದನ್ನು ಹಾಕಿ ಮುಚ್ಚಿಟ್ಟರೆ ನೀರು ಬೆಳಗಿದ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗುತ್ತಿತ್ತು. ಮೊದಲ ಗುಟುಕು ನಾಲಿಗೆಗೆ ಸ್ವಲ್ಪ ಒಗರು. ಎರಡನೆಯ ಗುಟುಕಿಗೆ ಮಾಗಿದ ಸೀಬೆಹಣ್ಣಿನ ಘಮ. ಮೂರನೆಯದು ಗಂಟಲಿನಿಂದ ಇಳಿದು ಹೋದ ಮೇಲೆ ಬಾಯಲ್ಲಿ ಎಲ್ಲಿಂದಲೋ ಜೇನಿನಂಥ ಒಂದು ಸಿಹಿ ಬಂದು ನಿಲ್ಲುತ್ತಿತ್ತು. ಅದಕ್ಕೆ ಅವರು ಹಾಲು ಬೆರೆಸುತ್ತಿರಲಿಲ್ಲ. ಬೆಲ್ಲದ ಚೂರೊಂದನ್ನು ದವಡೆಗೆ ಒತ್ತರಿಸಿಕೊಂಡು ಹಾಗೇ ಕುಡಿಯುತ್ತಿದ್ದರು.

ಆ ರಾಜ್ಯದಲ್ಲಿ ಚೆನ್ನಿಗ ಎಂಬ ಯುವಕನಿದ್ದ. ಅವನ ಹೆಂಡತಿ ದೇವೀರಿ. ಇಬ್ಬರೂ ಚಹಾ ಮಾಡುವವರು. ಕೊಯ್ದ ಎಲೆಯನ್ನು ಬಿದಿರು ತಡಿಕೆಯ ಮೇಲೆ ತೆಳ್ಳಗೆ ಹರಡಿ ಗಾಳಿಗೆ ಬಾಡಲು ಬಿಡುತ್ತಿದ್ದರು. ಬಾಡಿ ಮೆತ್ತಗಾದ ಎಲೆಯನ್ನು ದೇವೀರಿ ಅಂಗೈಯಲ್ಲಿ ಹೊಸೆಯುತ್ತಿದ್ದಳು. ಹೊಸೆದಾಗ ಎಲೆ ಜಜ್ಜಿಹೋಗಿ ರಸ ಬಿಡುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿ ಬೆಚ್ಚಗೆ ಇಟ್ಟರೆ ಹಸಿರು ಕಳೆದು ಕೆಂಪೇರುತ್ತದೆ. ಕೆಂಪೇರಿದ್ದನ್ನು ಕೆಂಡದ ಮೇಲೆ ಒಣಗಿಸಿದರೆ ಕಪ್ಪಾಗುತ್ತದೆ. ಎಲೆ ಯಾವ ಗಳಿಗೆಗೆ ಹದವಾಯಿತು ಎಂಬುದನ್ನು ಚೆನ್ನಿಗ ಕಣ್ಣು ಮುಚ್ಚಿಕೊಂಡು ಮೂಗಿನಿಂದಲೇ ಹೇಳುತ್ತಿದ್ದ. ಒಂದು ಗಳಿಗೆ ಮೊದಲಾದರೆ ಹಸಿ ಹುಲ್ಲಿನ ವಾಸನೆ, ಒಂದು ಗಳಿಗೆ ತಡವಾದರೆ ಹುಳಿ. ನಡುವಿನ ಆ ಒಂದು ಗಳಿಗೆಗಾಗಿ ಇಬ್ಬರೂ ತಡಿಕೆಯ ಪಕ್ಕ ಕೂತು ಮಾತಾಡುತ್ತಾ ಕಾಯುತ್ತಿದ್ದರು. ಹಾಗೆ ಕಾಯುತ್ತಲೇ ಅವರಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಬೆಳೆದದ್ದು, ಹಾಗೆ ಕಾಯುತ್ತಿದ್ದಾಗಲೇ ಒಂದು ದಿನ ದೇವೀರಿ ತಾನು ಬಸುರಿ ಎಂದು ಹೇಳಿದ್ದು.

ದೇವೀರಿಗೆ ಒಂಬತ್ತು ತಿಂಗಳು ತುಂಬಿದ ದಿನಗಳಲ್ಲಿ ರಾಜ ಇಂದುಧರನ ಮಗಳಿಗೆ ಜ್ವರ ಬಂತು. ರಾಜಕುಮಾರಿಯ ಹೆಸರು ಕುಮುದಿನಿ. ಏಳು ವರ್ಷದ ಮಗು. ತಾಯಿ ಇಲ್ಲದ ಆ ಮಗುವನ್ನು ರಾಜ ತಾನೇ ಎತ್ತಿ ಆಡಿಸಿ, ತಾನೇ ತಲೆ ಬಾಚಿ ಬೆಳೆಸಿದ್ದ. ಜ್ವರ ದಿನದಿನಕ್ಕೆ ಏರಿತು. ವೈದ್ಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೊರಗೆ ಹೋದರು. ಆಗ ಅರಮನೆಯ ಬಾಗಿಲಿಗೆ ಒಬ್ಬ ಮಾಂತ್ರಿಕ ಬಂದ. ಅವನ ಹೆಸರು ಅಚಲಕೇತು. ಮುಖದಲ್ಲಿ ಒಂದೂ ಗೆರೆಯಿಲ್ಲ, ಹೊಳೆಯಲ್ಲಿ ಉರುಳಿದ ಕಲ್ಲಿನಂತೆ ನುಣ್ಣಗಿತ್ತು. ಸೂರ್ಯ ಸರಿದರೂ ಅವನ ನೆರಳು ಸರಿಯುತ್ತಿರಲಿಲ್ಲ.

"ಮಗು ಸಾಯಬಾರದು, ಅಷ್ಟೇ ತಾನೇ?" ಎಂದ ಅಚಲಕೇತು.

"ಅಷ್ಟೇ," ಎಂದ ರಾಜ. "ಇನ್ನೇನೂ ಬೇಡ ನನಗೆ."

"ಸಾಯುವುದಿಲ್ಲ. ಇವತ್ತು ಹೇಗಿದೆಯೋ ನಿನ್ನ ರಾಜ್ಯ ಇನ್ನು ಮುಂದೆಯೂ ಹಾಗೇ ಇರುತ್ತದೆ. ಹೂವು ಬಾಡುವುದಿಲ್ಲ, ತಲೆ ನರೆಯುವುದಿಲ್ಲ. ಮುಂದೆ ಸಾಗದೆ ನಿಂತ ದಿನಗಳೆಲ್ಲ ನನ್ನವು. ಒಪ್ಪಿಗೆಯೇ?"

ಮಗಳ ಕಾದ ಕೈ ತನ್ನ ಕೈಯಲ್ಲಿದ್ದಾಗ ರಾಜನಿಗೆ ಬೇರೆ ಯೋಚನೆ ಬರಲಿಲ್ಲ. "ಒಪ್ಪಿಗೆ," ಎಂದುಬಿಟ್ಟ.

ಮೊದಮೊದಲು ಜನರಿಗೆ ಸಂತೋಷವೇ ಆಯಿತು. ಕಣಜದಿಂದ ಎಷ್ಟು ಭತ್ತ ತೆಗೆದರೂ ಕಣಜ ಮೊದಲಿನಷ್ಟೇ ತುಂಬಿರುತ್ತಿತ್ತು. ಸಾಯುವವರು ಸಾಯಲಿಲ್ಲ. ಕಿತ್ತ ಹೂವು ಮುಡಿಯಲ್ಲಿ ತಾಜಾ ಉಳಿಯಿತು. ಆಮೇಲೆ ಒಂದೊಂದಾಗಿ ಗೊತ್ತಾಯಿತು. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲಿಲ್ಲ. ಮಾವಿನಕಾಯಿ ಹಣ್ಣಾಗಲಿಲ್ಲ. ಬೆರಳಿಗೆ ಕುಡುಗೋಲು ತಾಗಿದರೆ ಗಾಯ ಮಾಯಲಿಲ್ಲ. ಚೆನ್ನಿಗ ತಡಿಕೆಯ ಮೇಲೆ ಹರಡಿದ ಎಲೆ ಬಾಡಲಿಲ್ಲ, ಹೊಸೆದರೆ ಕೆಂಪೇರಲಿಲ್ಲ. ಹಳೆಯ ಚಹಾ ಡಬ್ಬಿಯಲ್ಲಿತ್ತು, ಆದರೆ ಎಷ್ಟು ಕುದಿಸಿದರೂ ನೀರಿಗೆ ಬಣ್ಣವೇ ಬಿಡಲಿಲ್ಲ. ಜನ ಬೆಳಗ್ಗೆ ಎದ್ದು ಬರೀ ಬಿಸಿನೀರು ಕುಡಿದು ಕೆಲಸಕ್ಕೆ ಹೋದರು.

ಮತ್ತು ದೇವೀರಿ ಹೆರಲಿಲ್ಲ. ಒಂದು ವರ್ಷವಾಯಿತು, ಎರಡಾಯಿತು, ಮೂರಾಯಿತು. ಹೊಟ್ಟೆ ಹಾಗೇ ಇತ್ತು. ಒಳಗಿನ ಮಗು ಬಲಪಕ್ಕೆಯ ಕೆಳಗೆ ಹಿಮ್ಮಡಿ ಊರಿಕೊಂಡು ಮೂರು ವರ್ಷದಿಂದ ಅಲ್ಲೇ ಇತ್ತು. ದೇವೀರಿ ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿದೀಯಾ? ಇರು, ಇರು," ಎನ್ನುತ್ತಿದ್ದಳು. ಮಗ್ಗುಲಾಗಿ ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಒಂದು ದಿನ ಸೂಲಗಿತ್ತಿ ಕಾಳವ್ವ ಬಂದು ದೇವೀರಿಯ ಹೊಟ್ಟೆ ಮುಟ್ಟಿ ನೋಡಿದಳು. ತಾಮ್ರಗಿರಿಯ ಅರ್ಧ ಜನ ಹುಟ್ಟಿದ್ದು ಆ ಮುದುಕಿಯ ಕೈಯಲ್ಲಿ. ಅವಳು ಚೆನ್ನಿಗನನ್ನು ಹೊರಗೆ ಕರೆದಳು.

"ಮಗಾ, ಇದು ಹೀಗೇ ಇದ್ರೆ ಕೂಸು ಯಾವತ್ತೂ ಹೊರಗೆ ಬರಾಕಿಲ್ಲ. ಕೇಳು. ಆ ಮಾಂತ್ರಿಕ ಬಂದ ದಿನ ನಾನು ಬೇರು ಕೀಳೋಕೆ ಗುಡ್ಡದ ಮೇಲಿದ್ದೆ. ಅವನು ಈ ರಾಜ್ಯದಿಂದ ಮೂರು ವಸ್ತು ತೆಗೆದುಕೊಂಡು ಹೋಗಿದ್ದನ್ನ ಕಣ್ಣಾರೆ ಕಂಡೆ. ಬಾಡಿಸೋ ಗಾಳಿಯನ್ನ ಬಡಗಣ ಗುಡ್ಡದ ಕಾಟಿಗೆ ನುಂಗಿಸಿದ. ಮಾಗಿಸೋ ಕಾವನ್ನ ಮೂಡಣ ಬಂಡೆಯ ಹದ್ದಿನ ರೆಕ್ಕೆ ಕೆಳಗೆ ಇಟ್ಟ. ಒಳಗಿನದನ್ನ ಹೊರಗೆ ಬಿಡಿಸೋ ನೀರನ್ನ ತೆಂಕಣ ಗವಿಯ ಸರ್ಪದ ಕಾವಲಿಗೆ ಬಿಟ್ಟ."

"ಮೂರನ್ನೂ ತಂದರೆ ಏನು ಮಾಡಬೇಕು ಅವ್ವಾ?"

"ನೀನು ಏನು ಮಾಡೋನು? ಚಾ ಮಾಡೋನು. ರಾಜ ಎಲ್ಲಿ ಮಾತು ಕೊಟ್ಟನೋ ಅಲ್ಲೇ ಕೂತು ಚಾ ಮಾಡು. ಆ ಘಮ ಮಾಂತ್ರಿಕನ ಮೂಗಿಗೆ ಹೋದ್ರೆ ಅವನ ಆಟ ಮುಗೀತು."

ಚೆನ್ನಿಗ ಬಿದಿರಿನ ಮೂರು ಕೊಳವೆ ಕಡಿದು, ಮೂರಕ್ಕೂ ಬಿರಡೆ ಕೆತ್ತಿದ. ಬುಟ್ಟಿಯಲ್ಲಿ ಹೊಸ ಕುಡಿ ತುಂಬಿಕೊಂಡ. ದೇವೀರಿ ರಾಗಿರೊಟ್ಟಿ ಕಟ್ಟಿಕೊಟ್ಟಳು.

"ಹುಷಾರು," ಎಂದಳು. "ನಾವಿಬ್ರೂ ಕಾಯ್ತಿರ್ತೀವಿ."

ಚೆನ್ನಿಗ ಬಡಗಣ ದಿಕ್ಕಿಗೆ ನಡೆದ. ನಡೆದು ನಡೆದು ಗುಡ್ಡದ ನೆತ್ತಿ ಸೇರಿದ. ಅಲ್ಲಿ ಮನೆಯಷ್ಟು ಎತ್ತರದ ಒಂದು ಕಾಡುಕೋಣ, ಕಂಚಿನ ಕೊಂಬಿನ ಕಾಟಿ, ನಿಂತಿತ್ತು. ಅದರ ಹೊಟ್ಟೆ ನಗಾರಿಯ ಹಾಗೆ ಊದಿಕೊಂಡಿತ್ತು, ಒಳಗೆ ಗಾಳಿ ಗುಂಯ್ ಎನ್ನುತ್ತಿತ್ತು. ಚೆನ್ನಿಗನನ್ನು ಕಂಡದ್ದೇ ತಡ, ಕಾಟಿ ಕೊಂಬು ತಗ್ಗಿಸಿ ನುಗ್ಗಿತು. ಓಡಲು ಜಾಗವಿರಲಿಲ್ಲ. ನಿಂತಲ್ಲೇ ನಿಂತ ಚೆನ್ನಿಗನ ಕಣ್ಣಿಗೆ ಒಂದು ವಿಷಯ ಬಿತ್ತು.

"ಕಾಟಿಯಣ್ಣಾ!" ಎಂದು ಕೂಗಿದ. "ಮುಂಗಾಲು ಕುಂಟುತ್ತಾ ಇದೆಯಲ್ಲ! ಏನಾಯ್ತು?"

ಕೊಂಬಿನ ತುದಿ ಎದೆಗೆ ಮೊಳದಷ್ಟು ದೂರವಿದ್ದಾಗ ಕಾಟಿ ನಿಂತಿತು. ಮೂರು ವರ್ಷದಲ್ಲಿ ಅದನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಮುಳ್ಳು ಮುರಿದಿದೆ," ಎಂದಿತು ಕಾಟಿ. "ಗೊರಸಿನ ಸಂದಿಯಲ್ಲಿ. ಕೀವೂ ಆಗದು, ವಾಸಿಯೂ ಆಗದು. ನೀನು ಯಾರು? ಏನು ಬೇಕು?"

"ನಾನು ತಾಮ್ರಗಿರಿಯ ಚೆನ್ನಿಗ, ಚಹಾ ಮಾಡುವವನು. ನನ್ನ ಎಲೆ ಬಾಡುತ್ತಿಲ್ಲ, ಹೆಂಡತಿ ಹೆರುತ್ತಿಲ್ಲ. ನೀನು ನುಂಗಿದ ಗಾಳಿ ಬೇಕು. ಅದಿರಲಿ, ಮೊದಲು ಕಾಲು ಕೊಡು."

ಚೆನ್ನಿಗ ಕೂತು ಆ ದೊಡ್ಡ ಗೊರಸನ್ನು ತೊಡೆಯ ಮೇಲಿಟ್ಟುಕೊಂಡ. ಬೆರಳಿಗೆ ಸಿಗದ ಮುಳ್ಳನ್ನು ಹಲ್ಲಿನಿಂದ ಕಚ್ಚಿ ಎಳೆದು ಉಗಿದ. ಕಾಟಿ ದೊಡ್ಡದಾಗಿ ನಿಟ್ಟುಸಿರು ಬಿಡಲು ಹೋಗಿ ತಡೆದುಕೊಂಡಿತು.

"ಉಸಿರು ಬಿಟ್ಟರೆ ಗುಡ್ಡದ ಹುಲ್ಲೆಲ್ಲ ಒಣಗಿಹೋಗುತ್ತದೆ ಎಂದು ಅಚಲಕೇತು ಹೇಳಿದ್ದಾನೆ. ಆಮೇಲೆ ನಾನೇನು ಮೇಯಲಿ?"

"ಒಣಗುತ್ತದೆ, ಸುಳ್ಳಲ್ಲ," ಎಂದ ಚೆನ್ನಿಗ. "ಒಣಗಿದ ಬುಡದಲ್ಲಿ ಮಳೆ ಬಿದ್ದರೆ ಎಳೆ ಹುಲ್ಲು ಬರುತ್ತದೆ. ಎಳೆ ಹುಲ್ಲಿನ ರುಚಿ ನೆನಪಿದೆಯಾ ಅಣ್ಣಾ?"

ಕಾಟಿಯ ಬಾಯಲ್ಲಿ ನೀರೂರಿತು. ಆಮೇಲೆ ಮೆಲ್ಲಗೆ ಮೂತಿಯನ್ನು ಕೊಳವೆಗೆ ಇಟ್ಟು ಉಸಿರು ಬಿಟ್ಟಿತು. ಉದ್ದದ, ತಂಪಾದ ಉಸಿರು. ಚೆನ್ನಿಗ ಬಿರಡೆ ಹಾಕಿದ. ಊದಿದ ಹೊಟ್ಟೆ ಇಳಿಯಿತು, ಕಾಲಿನ ಗಾಯದ ಬಾಯಿ ಕೂಡಿಕೊಂಡಿತು. ಮೂರು ವರ್ಷದಲ್ಲಿ ಮೊದಲ ಸಲ ಕಾಟಿ ನೆಲದ ಮೇಲೆ ಮಲಗಿತು.

ಚೆನ್ನಿಗ ಮೂಡಣ ದಿಕ್ಕಿಗೆ ನಡೆದ. ನಡೆದು ನಡೆದು ದೊಡ್ಡ ಬಂಡೆ ಸೇರಿದ. ಬಂಡೆ ಕಾದ ಹೆಂಚಿನಂತಿತ್ತು. ಬುಟ್ಟಿಯ ಎಲೆಯನ್ನು ಅಂಗಾಲಿಗೆ ಕಟ್ಟಿಕೊಂಡು ಹತ್ತಿದರೂ ಕಾಲಿಗೆ ಬೊಬ್ಬೆ ಬಂತು. ಮೇಲೆ ಒಂದು ಹದ್ದು ಕೂತಿತ್ತು. ರೆಕ್ಕೆ ಬಿಚ್ಚಿದರೆ ಹತ್ತು ಮಂದಿಗೆ ನೆರಳಾಗುವಷ್ಟು ದೊಡ್ಡದು. ಅದರ ಕೆಳಗೆ ಒಂದೇ ಒಂದು ಮೊಟ್ಟೆ.

"ನೀನು ಯಾರು? ಏನು ಬೇಕು?"

"ನಾನು ತಾಮ್ರಗಿರಿಯ ಚೆನ್ನಿಗ, ಚಹಾ ಮಾಡುವವನು. ನನ್ನ ಎಲೆ ಕೆಂಪೇರುತ್ತಿಲ್ಲ, ಹೆಂಡತಿ ಹೆರುತ್ತಿಲ್ಲ. ನಿನ್ನ ರೆಕ್ಕೆಯ ಕೆಳಗಿನ ಕಾವು ಬೇಕು ತಾಯಿ."

"ಮೂರು ವರ್ಷದಿಂದ ಕಾವು ಕೊಡುತ್ತಿದ್ದೇನೆ," ಎಂದಿತು ಹದ್ದು. "ಊಟಕ್ಕೂ ಎದ್ದಿಲ್ಲ. ಈ ಕಾವು ಇಟ್ಟುಕೊಂಡಿದ್ದರೆ ಒಂದಲ್ಲ ಒಂದು ದಿನ ಮರಿ ಹೊರಗೆ ಬರುತ್ತದೆ ಎಂದು ಅಚಲಕೇತು ಹೇಳಿದ್ದಾನೆ. ಇದನ್ನು ನಿನಗೆ ಕೊಟ್ಟರೆ ನನ್ನ ಮೊಟ್ಟೆ ಒಡೆದು ಮರಿ ಬರುತ್ತದೆಯೇ? ನಿಜ ಹೇಳು."

ಬರುತ್ತದೆ ಎಂದು ಹೇಳಿದರೆ ಕೆಲಸವಾಗುತ್ತಿತ್ತು. ಮಾತು ಚೆನ್ನಿಗನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೂರು ವರ್ಷ ಎದ್ದಿರದ ಆ ತಾಯಿಯ ಕಣ್ಣು ನೋಡಿ ಅವನಿಗೆ ದೇವೀರಿಯ ಕಣ್ಣು ನೆನಪಾಯಿತು.

"ಗೊತ್ತಿಲ್ಲ ತಾಯಿ," ಎಂದ. "ನನ್ನ ಮಗು ಉಳಿದು ಹುಟ್ಟುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಇದು ಹೀಗೇ ಇದ್ದರೆ ಎರಡೂ ಹುಟ್ಟುವುದಿಲ್ಲ. ಅದಷ್ಟು ಗೊತ್ತು."

ಹದ್ದು ಅವನನ್ನೇ ನೋಡಿತು. "ಗೊತ್ತಿಲ್ಲ ಎಂದವನು ನೀನೊಬ್ಬನೇ," ಎಂದಿತು. ಆಮೇಲೆ ಒಂದು ರೆಕ್ಕೆ ಎತ್ತಿತು. ಹಸುಗೂಸಿನ ನೆತ್ತಿಯಂಥ ಒಂದು ಹಿತವಾದ ಕಾವು ಹರಿದು ಎರಡನೆಯ ಕೊಳವೆ ಸೇರಿತು. ಬಂಡೆ ತಣ್ಣಗಾಯಿತು. ಇಬ್ಬರೂ ಉಸಿರು ಬಿಗಿಹಿಡಿದು ಮೊಟ್ಟೆಗೆ ಕಿವಿ ಹಚ್ಚಿದರು. ಮೊದಲು ಏನೂ ಇಲ್ಲ. ಆಮೇಲೆ ಒಳಗಿನಿಂದ ಟಕ್ ಎಂದು ಒಂದು ಸಣ್ಣ ಸದ್ದು. ಮತ್ತೆ ಟಕ್. ಹದ್ದು ತನ್ನ ಕೊಕ್ಕನ್ನು ಚೆನ್ನಿಗನ ತಲೆಯ ಮೇಲೆ ಮೆಲ್ಲಗೆ ಇಟ್ಟಿತು.

ಚೆನ್ನಿಗ ತೆಂಕಣ ದಿಕ್ಕಿಗೆ ನಡೆದ. ನಡೆದು ನಡೆದು ಗವಿ ಸೇರಿದ. ಗವಿಯೊಳಗೆ ಒಂದು ಚಿಲುಮೆ, ಚಿಲುಮೆಯ ಸುತ್ತ ಸುರುಳಿ ಸುತ್ತಿದ ಒಂದು ಸರ್ಪ. ಪೊರೆ ಬಿಡುವ ದಿನವೇ ಅಚಲಕೇತುವಿನ ಮಂತ್ರ ಅದನ್ನು ಹಿಡಿದುಬಿಟ್ಟಿತ್ತು. ಪೊರೆ ತಲೆಯಿಂದ ಬಿಚ್ಚಿಕೊಂಡು ಕುತ್ತಿಗೆಯಲ್ಲಿ ಸಿಕ್ಕಿಹಾಕಿಕೊಂಡು, ಕಬ್ಬಿಣದ ಅಂಗಿಯ ಹಾಗೆ ಬಿಗಿದಿತ್ತು. ಸರ್ಪಕ್ಕೆ ಮಾತಾಡಲೂ ಕಷ್ಟ.

"ಯಾರು? ಏನು ಬೇಕು?"

"ನಾನು ತಾಮ್ರಗಿರಿಯ ಚೆನ್ನಿಗ, ಚಹಾ ಮಾಡುವವನು. ನನ್ನ ಎಲೆ ಬಣ್ಣ ಬಿಡುತ್ತಿಲ್ಲ, ಹೆಂಡತಿ ಹೆರುತ್ತಿಲ್ಲ. ನಿನ್ನ ಚಿಲುಮೆಯ ನೀರು ಬೇಕು ನಾಗಪ್ಪಾ."

"ನೀರು ಕೊಟ್ಟೇನು. ಈ ಪೊರೆ ಎಳೆದು ತೆಗೆ. ಆದರೆ ಕೇಳು, ಮೂರು ವರ್ಷದ ವಿಷ ಇದರೊಳಗೆ ಇಂಗಿದೆ. ಮುಟ್ಟಿದ ಕೈ ಮರಗಟ್ಟುತ್ತದೆ."

ಚೆನ್ನಿಗ ತನ್ನ ಕೈಗಳನ್ನು ನೋಡಿಕೊಂಡ. ಎಲೆಯ ಹದ ಬಲ್ಲ ಕೈ. ದೇವೀರಿಯ ಹೊಟ್ಟೆಯ ಮೇಲೆ ಆ ಪುಟ್ಟ ಹಿಮ್ಮಡಿಯನ್ನು ತಡವಿ ನೋಡಿದ ಕೈ. ಒಂದು ಸಲ ಎರಡನ್ನೂ ಉಜ್ಜಿಕೊಂಡು, ಪೊರೆಯನ್ನು ಹಿಡಿದ. ಎಳೆದ. ಬೆರಳಿನ ತುದಿ ಜುಮ್ ಎಂದಿತು. ಎಳೆದ. ಅಂಗೈ ತಣ್ಣಗಾಯಿತು. ಕಾಲನ್ನು ಬಂಡೆಗೆ ಊರಿ ಮೂರನೆಯ ಸಲ ಎಳೆದಾಗ ಪೊರೆ ಸರ್ರನೆ ಬಾಲದವರೆಗೆ ಬಂದುಬಿಟ್ಟಿತು. ಸರ್ಪ ಹೊಸ ಮೈಯಲ್ಲಿ ಮಿರಮಿರನೆ ಹೊಳೆಯಿತು. ಚೆನ್ನಿಗನ ಎರಡು ಕೈಗಳೂ ಮಣಿಕಟ್ಟಿನವರೆಗೆ ಕಟ್ಟಿಗೆಯಂತಾಗಿದ್ದವು.

"ಅಯ್ಯೋ ಮಗನೇ," ಎಂದಿತು ಸರ್ಪ. "ಈ ಕೈಯಲ್ಲಿ ನೀನು ಎಲೆ ಹೇಗೆ ಹೊಸೆಯುತ್ತೀ?"

"ಮನೆಯಲ್ಲಿ ಇನ್ನೆರಡು ಕೈ ಇವೆ," ಎಂದ ಚೆನ್ನಿಗ.

ಸರ್ಪವೇ ಮೂರನೆಯ ಕೊಳವೆಯನ್ನು ಬಾಯಲ್ಲಿ ಹಿಡಿದು ನೀರು ತುಂಬಿ, ಮೂರನ್ನೂ ಬಳ್ಳಿಯಿಂದ ಕಟ್ಟಿ ಅವನ ಕೊರಳಿಗೆ ಹಾಕಿತು.

ಚೆನ್ನಿಗ ಮನೆಗೆ ಬಂದಾಗ ದೇವೀರಿ ಬಾಗಿಲಲ್ಲೇ ಇದ್ದಳು. ಅವನ ಕೈ ಹಿಡಿದವಳು ಹಾಗೇ ನಿಂತುಬಿಟ್ಟಳು. ಒಳಗೆ ಕರೆದು ಕೂರಿಸಿ ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ಅವನು ಉಣ್ಣುತ್ತಾ ಒಂದೊಂದೇ ಹೇಳಿದ. ಎಲ್ಲ ಕೇಳಿದ ಮೇಲೆ ಅವಳು, "ಕಾಟಿಗೆ ಈಗ ನಿದ್ದೆ ಬರುತ್ತಿರಬೇಕು, ಪಾಪ," ಎಂದಳು. ಆಮೇಲೆ ಅವನ ಮರಗಟ್ಟಿದ ಅಂಗೈಯನ್ನು ತನ್ನ ಬಲಪಕ್ಕೆಯ ಮೇಲೆ ಇಟ್ಟುಕೊಂಡಳು. ಅವನಿಗೆ ಏನೂ ತಿಳಿಯಲಿಲ್ಲ. "ಇಲ್ಲೇ ಇದೆ," ಎಂದಳು. "ನಾನು ಹೇಳ್ತಿದ್ದೀನಲ್ಲ, ಇಲ್ಲೇ ಇದೆ."

ಮರುದಿನ ಬೆಳಗ್ಗೆ ಇಬ್ಬರೂ ತಡಿಕೆ, ಎಲೆಯ ಬುಟ್ಟಿ ತೆಗೆದುಕೊಂಡು, ಕಾಳವ್ವನನ್ನು ಕರೆದುಕೊಂಡು ಅರಮನೆಯ ಅಂಗಳಕ್ಕೆ ಹೋದರು. ಚಹಾ ಮಾಡುವವರೆಂದು ಕಾವಲಿನವರು ಒಳಗೆ ಬಿಟ್ಟರು. ಅಂಗಳದ ಮೇಲಿನ ಜಗುಲಿಯಲ್ಲಿ ರಾಜಕುಮಾರಿಯ ಮಂಚ. ಮೂರು ವರ್ಷದಿಂದ ಅದೇ ಜ್ವರ, ಅದೇ ಏಳು ವರ್ಷದ ಮುಖ. ರಾಜ ಪಕ್ಕದಲ್ಲಿ ಕೂತು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ.

ದೇವೀರಿ ತಡಿಕೆಯ ಮೇಲೆ ಎಲೆ ಹರಡಿದಳು, ಕಾಳವ್ವ ಒಲೆ ಹೊತ್ತಿಸಿದಳು. ಚೆನ್ನಿಗ ಹಲ್ಲಿನಿಂದ ಮೊದಲ ಬಿರಡೆ ಕಿತ್ತ. ತಂಪಾದ ಗಾಳಿ ತಡಿಕೆಯ ಮೇಲೆ ಸುಳಿಯಿತು. ಎಲೆ ಮೆಲ್ಲಗೆ ಬಾಡಿತು. ಮೂರು ವರ್ಷದ ಮೇಲೆ ಆ ಬಾಡಿದ ಎಲೆಯ ವಾಸನೆ ಮೂಗಿಗೆ ಬಿದ್ದು ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವೀರಿ ಕಾಲು ಚಾಚಿ ಕೂತು, ದೊಡ್ಡ ಹೊಟ್ಟೆಯನ್ನು ಒಂದು ಪಕ್ಕಕ್ಕೆ ಮಾಡಿಕೊಂಡು, ಎಲೆ ಹೊಸೆಯತೊಡಗಿದಳು. ಅವಳ ಅಂಗೈ ಹಸಿರಾಯಿತು. ಹೊಸೆದ ಎಲೆಯನ್ನು ತಡಿಕೆಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದರು. ಚೆನ್ನಿಗ ಎರಡನೆಯ ಬಿರಡೆ ಕಿತ್ತ. ಕಾವು ಬಟ್ಟೆಯ ಕೆಳಗೆ ಸೇರಿತು. ಇಬ್ಬರೂ ತಡಿಕೆಯ ಪಕ್ಕ ಕೂತು ಕಾದರು.

ಆಗ ಅಚಲಕೇತು ಅಂಗಳಕ್ಕೆ ಬಂದ. ಕೂಗಾಡಲಿಲ್ಲ. ಚೆನ್ನಿಗನ ಪಕ್ಕ ಬಂದು ಗೆಳೆಯನಂತೆ ಕೂತ.

"ಎಷ್ಟು ಹೆಂಗಸರು ಹೆರಿಗೆಯಲ್ಲಿ ಸಾಯುತ್ತಾರೆ, ಗೊತ್ತೇ ಚೆನ್ನಿಗ? ಇವತ್ತು ನಿನ್ನ ಹೆಂಡತಿ ನಿನ್ನ ಕಣ್ಣೆದುರು ಇದ್ದಾಳೆ. ನಾಳೆಯೂ ಇರುತ್ತಾಳೆ, ನೂರು ವರ್ಷ ಕಳೆದರೂ ಇಷ್ಟೇ ಚೆಲುವೆಯಾಗಿ ಇರುತ್ತಾಳೆ. ಆ ತಡಿಕೆಯನ್ನು ಒಮ್ಮೆ ಮಗುಚಿಬಿಡು, ಸಾಕು."

ಚೆನ್ನಿಗ ದೇವೀರಿಯ ಕಡೆ ನೋಡಿದ. ಅವಳ ಕಣ್ಣ ಕೆಳಗೆ ಮೂರು ವರ್ಷದ ಕಪ್ಪು.

"ನನ್ನ ಕಡೆ ಏನು ನೋಡ್ತೀರಿ?" ಎಂದಳು ದೇವೀರಿ. "ನನಗೆ ಭಯ ಇಲ್ಲ ಅಂದ್ಕೊಂಡ್ರಾ? ಇದೆ. ಆದ್ರೆ ನನ್ನ ಕೂಸಿನ ಮುಖ ನೋಡಬೇಕು ನಾನು. ಎಲೆ ನೋಡಿ, ಎಲೆ. ಹದ ತಪ್ಪೀತು."

ಚೆನ್ನಿಗ ಕಣ್ಣು ಮುಚ್ಚಿ ತಡಿಕೆಗೆ ಮೂಗು ಹಚ್ಚಿದ. "ಇನ್ನೂ ಸ್ವಲ್ಪ," ಎಂದ.

ಅಚಲಕೇತು ಎದ್ದು ಜಗುಲಿಯ ಕಡೆ ತಿರುಗಿದ. "ಮಹಾರಾಜ! ಈ ಎಲೆ ಕೆಂಪೇರಿ ಚಹಾ ಆದರೆ ನನ್ನ ಮಂತ್ರ ಕಡಿಯುತ್ತದೆ. ನಿನ್ನ ಮಗಳ ಜ್ವರ ನಿಂತಲ್ಲಿಂದ ಮುಂದೆ ಏರುತ್ತದೆ. ಆಮೇಲೆ ನನ್ನನ್ನು ದೂರಬೇಡ."

ರಾಜ ಇಂದುಧರ ಮೆಟ್ಟಿಲಿಳಿದು ಓಡಿಬಂದ. ಕಣ್ಣಲ್ಲಿ ನೀರು. ತಡಿಕೆಯನ್ನು ಒದೆಯಲು ಕಾಲೆತ್ತಿದ.

"ಬುದ್ಧೀ," ಎಂದಳು ದೇವೀರಿ. ಅವಳಿಗೆ ಏಳಲು ಆಗಲಿಲ್ಲ. ಕೂತಲ್ಲಿಂದಲೇ ರಾಜನ ಮುಖ ನೋಡಿದಳು. "ನಿಮ್ಮ ಕೂಸು ನಿಮ್ಮ ಕಣ್ಣ ಮುಂದೆ ಇದೆ. ನನ್ನದನ್ನ ನಾನು ಇನ್ನೂ ಕಂಡಿಲ್ಲ."

ರಾಜನ ಕಾಲು ಗಾಳಿಯಲ್ಲೇ ನಿಂತಿತು. ಆಗ ಜಗುಲಿಯ ಮೇಲಿಂದ ಒಂದು ಸಣ್ಣ ದನಿ ಬಂತು.

"ಅಪ್ಪಾಜೀ."

ಕುಮುದಿನಿ ಮಂಚದ ಅಂಚು ಹಿಡಿದು ಎದ್ದು ಕೂತಿದ್ದಳು.

"ಅಪ್ಪಾಜೀ, ನನ್ನ ಈ ಹಲ್ಲು ಮೂರು ವರ್ಷದಿಂದ ಅಲ್ಲಾಡ್ತಾ ಇದೆ. ಬೀಳೋದೇ ಇಲ್ಲ. ನನಗೆ ಸಾಕಾಗಿದೆ."

ರಾಜ ತಿರುಗಿ ನೋಡಿದ. ಮೂರು ವರ್ಷ ಅವನು ಆ ಹಣೆಯನ್ನು ಮುಟ್ಟಿ ನೋಡಿದ್ದ, ಬಿಸಿ ಹೆಚ್ಚಾಗಿಲ್ಲವಲ್ಲ ಎಂದು ಸಮಾಧಾನಪಟ್ಟಿದ್ದ. ಬಿಸಿ ಇಳಿದೂ ಇಲ್ಲ ಎಂಬುದನ್ನು ಯೋಚಿಸಿರಲಿಲ್ಲ. ಅವನು ಮೆಲ್ಲಗೆ ಕಾಲು ಕೆಳಗಿಟ್ಟ. ಹಾಗೇ ನೆಲದ ಮೇಲೆ, ತಡಿಕೆಯ ಪಕ್ಕದಲ್ಲಿ, ಕುಸಿದು ಕೂತ.

"ಇನ್ನೆಷ್ಟು ಹೊತ್ತು ಬೇಕಪ್ಪಾ?" ಎಂದು ಚೆನ್ನಿಗನನ್ನು ಕೇಳಿದ.

ಚೆನ್ನಿಗ ಮತ್ತೆ ಮೂಗು ಹಚ್ಚಿದ. ಹಸಿ ಹುಲ್ಲಿನ ವಾಸನೆ ಹೋಗಿತ್ತು. ಸೀಬೆಹಣ್ಣಿನ ಘಮ ಆಗಷ್ಟೇ ಕಣ್ಣು ಬಿಡುತ್ತಿತ್ತು.

"ಈಗ," ಎಂದ.

ಬಟ್ಟೆ ತೆಗೆದರು. ತಡಿಕೆಯ ತುಂಬ ಎಲೆ ಕೆಂಪೇರಿತ್ತು. ಅಚಲಕೇತು ಬೆಂಕಿ ಆರಿಸಲು ಮುಂದೆ ನುಗ್ಗಿದ. ರಾಜ ಎದ್ದು ಎರಡೂ ತೋಳು ಚಾಚಿ ಅಡ್ಡ ನಿಂತ. ಕಾಳವ್ವ ಕೆಂಡದ ಮೇಲೆ ಎಲೆ ಒಣಗಿಸಿದಳು. ಎಲೆ ಸುರುಟಿ ಕಪ್ಪಾಯಿತು. ಚಿಲುಮೆಯ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಎಲೆ ಹಾಕಿ ಮುಚ್ಚಿದಳು. ನೂರು ಎಣಿಸುವಷ್ಟು ಹೊತ್ತು ಹಾಗೇ ಬಿಟ್ಟಳು. ಮುಚ್ಚಳ ತೆಗೆದಾಗ ಒಳಗೆ ತಾಮ್ರದ ಬಣ್ಣ. ಹಬೆ ಮೇಲೆದ್ದು ಅಂಗಳ ತುಂಬಿತು, ಅರಮನೆ ತುಂಬಿತು, ಬೀದಿಬೀದಿಗೆ ಹರಿಯಿತು. ಜನ ಮನೆಮನೆಯಿಂದ ಹೊರಗೆ ಬಂದು ಮೂಗು ಅರಳಿಸಿ ನಿಂತರು.

ಘಮ ಅಚಲಕೇತುವಿನ ಮೂಗಿಗೆ ಹೋಯಿತು. ಅವನ ನೆರಳು ಅಲುಗಿತು. ನುಣುಪಾದ ಮುಖದ ಮೇಲೆ ಒಂದು ಗೆರೆ ಮೂಡಿತು, ಹತ್ತು ಮೂಡಿದವು, ನೂರು ಮೂಡಿದವು. ಅವನು ಕದ್ದಿಟ್ಟುಕೊಂಡಿದ್ದ ದಿನಗಳೆಲ್ಲ ಅವನ ಮೈಮೇಲೆ ಬಂದು ಕೂತವು. ಸೊಂಟ ಬಾಗಿತು, ಕಣ್ಣು ಮಂಜಾಯಿತು. ನೋಡನೋಡುತ್ತಿದ್ದಂತೆ ಅಲ್ಲಿ ನಡುಗುವ ಒಬ್ಬ ಹಣ್ಣುಹಣ್ಣು ಮುದುಕ ನಿಂತಿದ್ದ.

"ನನಗೆ ಸಾಯೋದಕ್ಕೆ ಹೆದರಿಕೆ," ಎಂದ ಮುದುಕ, ಮಗುವಿನ ದನಿಯಲ್ಲಿ. "ಮುನ್ನೂರು ವರ್ಷದಿಂದ ಹೆದರಿಕೆ."

ಯಾರಿಗೂ ಅವನ ಮೇಲೆ ಕೈಯೆತ್ತಲು ಮನಸ್ಸಾಗಲಿಲ್ಲ. ಜಗುಲಿಯಿಂದ ಇಳಿದು ಬಂದ ಕುಮುದಿನಿ ಒಂದು ಬಟ್ಟಲು ಚಹಾ ಅವನ ಕೈಗಿಟ್ಟು, ಬೆಲ್ಲದ ಚೂರು ಕೊಟ್ಟಳು. ಮುದುಕ ಮೊದಲ ಗುಟುಕು ಕುಡಿದು ಮುಖ ಕಿವುಚಿದ. ಎರಡನೆಯದಕ್ಕೆ ಬಟ್ಟಲನ್ನು ಮೂಗಿಗೆ ಹಿಡಿದ. ಮೂರನೆಯ ಗುಟುಕು ಇಳಿದ ಮೇಲೆ, "ಓ," ಎಂದ, "ಸಿಹಿ ಆಮೇಲೆ ಬರುತ್ತದೆ." ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಬಟ್ಟಲು ತೊಡೆಯ ಮೇಲೇ ಇತ್ತು. ಅವನು ಮತ್ತೆ ಏಳಲಿಲ್ಲ. ಮರುದಿನ ಚಹಾ ಗಿಡಗಳ ಸಾಲಿನ ಕೊನೆಯಲ್ಲಿ ಅವನನ್ನು ಮಣ್ಣು ಮಾಡಿದರು.

ಮುದುಕ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಕುಮುದಿನಿಯ ಜ್ವರ ಏರಿತು. ರಾಜ ಅವಳನ್ನು ಎದೆಗೆ ಅವುಚಿಕೊಂಡು ಕೂತ. ಏರಿತು, ಇನ್ನೂ ಏರಿತು, ಆಮೇಲೆ ಹಣೆಯ ಮೇಲೆ ಒಂದು ಹನಿ ಬೆವರು ಮೂಡಿತು. ಹನಿ ಹತ್ತಾಯಿತು, ಮೈಯೆಲ್ಲ ತೊಯ್ದಿತು, ಜ್ವರ ಇಳಿಯಿತು. ಮೈ ತಣ್ಣಗಾದ ಮಗು ಮೊದಲು ಮಾಡಿದ ಕೆಲಸವೆಂದರೆ ಬಾಯಿಗೆ ಬೆರಳಿಟ್ಟು ಹಲ್ಲನ್ನು ಕಿತ್ತು ಅಪ್ಪನ ಅಂಗೈಗೆ ಹಾಕಿದ್ದು. ರಾಜ ಆ ಪುಟ್ಟ ಹಲ್ಲನ್ನು ನೋಡಿ ನಕ್ಕ, ನಗುತ್ತಾ ಅತ್ತ.

ದೇವೀರಿಗೆ ಅಂಗಳದಲ್ಲೇ ನೋವು ಶುರುವಾಯಿತು. ಕಾಳವ್ವ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಚೆನ್ನಿಗ ಹೊಸ್ತಿಲ ಹೊರಗೆ ಕೂತ. ಎಷ್ಟೋ ಸಲ ಎಲೆಗಾಗಿ ಕಾದವನಿಗೆ ಆ ಮಧ್ಯಾಹ್ನ ಕಾಯುವುದು ಬರಲೇ ಇಲ್ಲ. ಎದ್ದ, ಕೂತ, ಮತ್ತೆ ಎದ್ದ. ರಾಜನೇ ಬಂದು ಅವನ ಪಕ್ಕ ಕೂತು, ಒಂದು ಬಟ್ಟಲು ಚಹಾವನ್ನು ತನ್ನ ಕೈಯಾರೆ ಅವನ ತುಟಿಗೆ ಹಿಡಿದು ಕುಡಿಸಿದ. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಒಳಗಿನಿಂದ ಒಂದು ಅಳು ಕೇಳಿಸಿತು. ಗಟ್ಟಿಯಾದ, ಸಿಟ್ಟಿನ ಅಳು. ಮೂರು ವರ್ಷ ಕಾಯಿಸಿದ್ದಕ್ಕೆ ಜಗಳಕ್ಕೆ ಬಂದಂತಿತ್ತು.

"ಹೆಣ್ಣು ಕೂಸು!" ಎಂದು ಕಾಳವ್ವ ಬಾಗಿಲು ತೆಗೆದಳು. "ತಾಯಿ ಚೆನ್ನಾಗಿದಾಳೆ. ಬಾ ಮಗಾ."

ದೇವೀರಿ ಬೆವರಿನಲ್ಲಿ ತೊಯ್ದು, ಮಗ್ಗುಲಾಗಿ ಮಲಗಿದ್ದಳು. ಮೂರು ವರ್ಷದ ಮೇಲೆ ಮಗ್ಗುಲಾಗಿ. ಕೂಸನ್ನು ಅವನ ಕೈಗೆ ಕೊಡಲು ಕಾಳವ್ವ ಮುಂದೆ ಬಂದಾಗ ಅವನು ಹಿಂದೆ ಸರಿದ.

"ಬೇಡ ಅವ್ವಾ. ಈ ಕೈಗೆ ಏನೂ ತಿಳಿಯಲ್ಲ. ಜಾರಿಸಿಬಿಟ್ಟೇನು."

"ತಗೊಳ್ಳಿ," ಎಂದಳು ದೇವೀರಿ. "ಎದೆಗೆ ಒತ್ತಿ ಹಿಡ್ಕೊಳ್ಳಿ. ಏನೂ ಆಗಲ್ಲ."

ಅವನು ತೆಗೆದುಕೊಂಡ. ಮೊಣಕೈಗೆ ಭಾರ ತಿಳಿಯಿತು, ಅಂಗೈಗೆ ಏನೂ ಇಲ್ಲ. ಕೂಸು ಅವನ ಮುಖ ನೋಡಿತು, ಅಳು ನಿಲ್ಲಿಸಿತು, ಮತ್ತು ಅವನ ಕೈಯ ಮೇಲೆ ಉಚ್ಚೆ ಹೊಯ್ದಿತು.

ಚೆನ್ನಿಗನ ಕಣ್ಣುಗಳು ಅಗಲವಾದವು.

"ದೇವೀ," ಎಂದ. "ಬೆಚ್ಚಗಿದೆ. ದೇವೀ, ಬೆಚ್ಚಗಿದೆ ಕಣೇ!"

ಮೊದಲು ಅಂಗೈಗೆ, ಆಮೇಲೆ ಒಂದೊಂದು ಬೆರಳಿಗೆ ಜೀವ ಬಂತು. ದೇವೀರಿ ನಗಲು ಹೋಗಿ ನೋವಾಗಿ ಹೊಟ್ಟೆ ಹಿಡಿದುಕೊಂಡಳು, ಆದರೂ ನಕ್ಕಳು. ಕಾಳವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಮೇಲೆ ತಾಮ್ರಗಿರಿಯಲ್ಲಿ ಮಾವು ಹಣ್ಣಾಯಿತು, ಹಾಲು ಮೊಸರಾಯಿತು, ಗಾಯಗಳು ಮಾಯ್ದವು. ನೋವಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಹಿರಿಯರು ಮಕ್ಕಳ ಕೈ ಹಿಡಿದುಕೊಂಡು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಕುಮುದಿನಿ ಅಪ್ಪನ ಭುಜದೆತ್ತರ ಬೆಳೆದು ರಾಣಿಯಾದಳು. ಚೆನ್ನಿಗ ದೇವೀರಿಯರ ಮಗಳು ತಡಿಕೆಯ ಸುತ್ತ ಅಂಬೆಗಾಲಿಟ್ಟಳು, ಓಡಿದಳು, ಹಟ ಮಾಡಿದಳು. ವರ್ಷ ವರ್ಷವೂ ಬೆಟ್ಟದ ಎಲೆ ಬಾಡಿತು, ಕೆಂಪೇರಿತು, ಕಪ್ಪಾಯಿತು. ಚೆನ್ನಿಗನ ಮೀಸೆ ನರೆಯಿತು, ದೇವೀರಿಯ ಕೆನ್ನೆ ಸುಕ್ಕಾಯಿತು. ಹೀಗೆ ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿ ಬಾಳಿದರು, ಸುಖವಾಗಿ ಮುದುಕರಾದರು.